ಯಿಶುನ್ ಮಕ್ಕಳೇ ಬೇಕೆಂದ ಈರಣ್ಣ ಅಂಕಲ್

ಈರಣ್ಣ ಅಂಕಲ್ ಯಾವ ಮಗುವಿನ ಹೆಸರನ್ನೂ ಕೇಳಿದವರಲ್ಲ. ಹಾಕಿ ಸ್ಟಿಕ್ ಹಿಡಿದು ಬಂದ ಮಗುವನ್ನು ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಕಾಲಿನಿಂದ ತಲೆಯವರೆಗೆ ನೋಡಿ, "ಮನೆ ಎಲ್ಲಿ?" ಎನ್ನುತ್ತಿದ್ದರು. ಆ ಉತ್ತರದ ಮೇಲೆ ಮಗುವಿನ ಹಣೆಬರಹ ತೀರ್ಮಾನವಾಗುತ್ತಿತ್ತು.

ಸಿಂಗಪುರದಲ್ಲಿ ನಮ್ಮ ಕನ್ನಡದವರ ಮಕ್ಕಳಿಗೆ ಭಾನುವಾರದ ಹಾಕಿ ಕೂಟವೊಂದಿದೆ. ವರ್ಷಕ್ಕೊಮ್ಮೆ ಕೋಚ್‌ಗಳು ಸರದಿಯಂತೆ ಒಬ್ಬೊಬ್ಬ ಮಗುವನ್ನು ಆರಿಸಿ ತಂಡ ಕಟ್ಟುತ್ತಾರೆ. ಅದಕ್ಕೆ ಡ್ರಾಫ್ಟ್ ಎನ್ನುತ್ತೇವೆ. ಈರಣ್ಣ ಅಂಕಲ್ ಗದಗದವರು, ಚಿಕ್ಕಂದಿನಲ್ಲಿ ಅಲ್ಲೇ ಹಾಕಿ ಆಡಿದವರು, ಇಲ್ಲಿ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದರು. ಪ್ರತಿ ವರ್ಷ ಗೆಲ್ಲುತ್ತಿದ್ದುದು ಅವರ ತಂಡವೇ. ಹಾಗಾಗಿ ಅವರ ಸಿದ್ಧಾಂತಕ್ಕೆ ಎದುರಾಡುವ ಬಾಯಿ ಯಾರಿಗೂ ಇರಲಿಲ್ಲ.

"ಯಿಶುನ್ ಮಕ್ಕಳು ಬಾಲ್ ಕಿತ್ಕೋತಾವೆ. ಬುಕಿತ್ ಬಾಟೋಕ್ ಮಕ್ಕಳು ಬಾಲ್ ಕೇಳ್ತಾವೆ. ಕಾಂಡೋ ಮಕ್ಕಳು ಬಾಲ್‌ಗೆ ಸಾರಿ ಹೇಳ್ತಾವೆ" ಎನ್ನುವುದು ಆ ಸಿದ್ಧಾಂತ. ಯಿಶುನ್, ಬುಕಿತ್ ಬಾಟೋಕ್ ಇಲ್ಲಿನ ಸರ್ಕಾರಿ ಫ್ಲ್ಯಾಟುಗಳ ಬಡಾವಣೆಗಳು; ಕಾಂಡೋ ಎಂದರೆ ಈಜುಕೊಳ, ಕಾವಲುಗಾರ ಎಲ್ಲ ಇರುವ ಖಾಸಗಿ ಅಪಾರ್ಟ್‌ಮೆಂಟು. ಮಗನಿಗೆ ಪ್ರೈವೇಟ್ ಕೋಚ್ ಇಟ್ಟಿದ್ದೇನೆಂದು ಹೆಮ್ಮೆಪಟ್ಟ ಬೆಂಗಳೂರಿನ ತಂದೆಯೊಬ್ಬರಿಗೆ, "ಹಾಗಾದ್ರೆ ಆ ಕೋಚ್‌ನೇ ಕರ್ಕೊಂಡ್ ಬನ್ನಿ ಸರ್, ಆಡ್ಸೋಣ" ಎಂದುಬಿಟ್ಟಿದ್ದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬೇರೆಯವರ ಮಗುವಿನ ಮೇಲೆ ಬಿದ್ದ ಮಾತಿಗೆ ನಗುವುದು ಸುಲಭ.

ನನ್ನ ಮಗಳು ಸಿಂಚನಾಗೆ ಈರಣ್ಣ ಅಂಕಲ್ ತಂಡವನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ. ನಾವಿದ್ದದ್ದು ಕಾಂಡೋದಲ್ಲಿ. ಕಾರ್ ಪಾರ್ಕಿನ ಗೋಡೆಗೆ ಚೆಂಡು ಬಡಿದೂ ಬಡಿದೂ ಸೆಕ್ಯೂರಿಟಿಯವನ ಬೈಗುಳ ತಿಂದವಳು ಒಂದು ದಿನ, "ಅಮ್ಮ, ಯಿಶುನ್‌ಗೆ ಶಿಫ್ಟ್ ಆಗೋಣ ಲಾ" ಎಂದಳು, ಇಲ್ಲಿನ ಮಕ್ಕಳ ಧಾಟಿಯಲ್ಲಿ.

"ಸ್ಕೂಲ್‌ಗೋಸ್ಕರ ಮನೆ ಶಿಫ್ಟ್ ಮಾಡೋರನ್ನ ನೋಡಿದೀನಿ. ಹಾಕಿಗೋಸ್ಕರಾನಾ?" ಎಂದು ನನ್ನ ಗಂಡ ತಲೆ ಚಚ್ಚಿಕೊಂಡರು. ಆದರೂ ಕಾಂಡೋದ ಅಗ್ರಿಮೆಂಟ್ ಮುಗಿದಾಗ ನಾವು ಯಿಶುನ್‌ಗೇ ಹೋದೆವು. ನಗಬೇಡಿ. ಮಗಳ ಮುಖ ನೋಡಿದ್ದರೆ ನೀವೂ ಹೋಗುತ್ತಿದ್ದಿರಿ.

ಆ ವರ್ಷದ ಡ್ರಾಫ್ಟ್ ನಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿಟ್ಟ ವಾಯ್ಡ್ ಡೆಕ್‌ನಲ್ಲೇ ನಡೆಯಿತು. ಮಕ್ಕಳು ಸಾಲಾಗಿ ನಿಂತಿದ್ದರು. ಈರಣ್ಣ ಅಂಕಲ್ ಸಿಂಚನಾಳ ಮುಂದೆ ಬಂದರು.

"ಮನೆ ಎಲ್ಲಿ?"

"ಯಿಶುನ್, ಅಂಕಲ್!" ಇಡೀ ಬ್ಲಾಕಿಗೆ ಕೇಳುವಂತೆ ಹೇಳಿದಳು.

"ಯಾವಾಗಿಂದ?"

"ಹೋದ ತಿಂಗಳಿಂದ."

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಗದಗ ಬರುತ್ತಿತ್ತು. "ಮೇಡಂ, ಅಡ್ರೆಸ್ ಅಷ್ಟ ಶಿಫ್ಟ್ ಆಗೇದ. ಹುಡುಗಿ ಇನ್ನೂ ಕಾಂಡೋದಾಗ ಅದಾಳ."

ಎಲ್ಲರೂ ನಕ್ಕರು. ಸಿಂಚನಾ ಕೂಡ ನಕ್ಕಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಸಾಲಿನಲ್ಲಿ ಕೊನೆಗೆ ಉಳಿದವಳು ಅವಳೇ ಆದ್ದರಿಂದ ಬೇರೊಬ್ಬ ಕೋಚ್ ಅವಳನ್ನು ಕರೆದುಕೊಂಡರು.

ಈರಣ್ಣ ಅಂಕಲ್ ತಂಡದ ಎದುರು ಆಡಿದ ದಿನ ಅವಳು ಅವರ ಅಚ್ಚುಮೆಚ್ಚಿನ ಯಿಶುನ್ ಹುಡುಗನಿಂದಲೇ ಚೆಂಡು ಕಸಿದಳು. ಮುಂದೆ ಗೋಲ್ ಖಾಲಿ ಇತ್ತು. ಹೊಡೆಯುವ ಬದಲು ತಲೆಯೆತ್ತಿ ಈರಣ್ಣ ಅಂಕಲ್ ನೋಡಿದರಾ ಎಂದು ನೋಡಿದಳು. ಅಷ್ಟರಲ್ಲಿ ಆ ಹುಡುಗ ಚೆಂಡು ವಾಪಸ್ ಕಿತ್ತುಕೊಂಡು ಓಡಿದ. ಅಂಕಲ್ ಚಪ್ಪಾಳೆ ತಟ್ಟಿದ್ದು ಅವನಿಗೆ.

ಕೆಲವು ತಿಂಗಳ ನಂತರ ಅವರ ಬ್ಯಾಂಕು ಇಲ್ಲಿನ ಟೀಮನ್ನೇ ಮುಚ್ಚಿ, ಆ ಕೆಲಸವನ್ನು ಮನಿಲಾದವರಿಗೆ ಕೊಟ್ಟಿತು. ಅಲ್ಲಿಯ ಹುಡುಗರು ಹೆಚ್ಚು ಚುರುಕಂತೆ. ಸುದ್ದಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಊರಿಗೆ ಹೊರಟವರನ್ನು ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕಂಡಾಗ, ಬಾಯುಪಚಾರಕ್ಕೆ "ಅನ್ಯಾಯ ಆಯ್ತು ಅಂಕಲ್" ಎಂದೆ.

"ಅನ್ಯಾಯ ಏನಿಲ್ಲ ಮೇಡಂ. ಆರ್ಸೋದು ನನ್ ಕೈಲಿದ್ರೆ ನಾನೂ ಅವರನ್ನೇ ತಗೋತಿದ್ದೆ" ಎಂದು ಕಾಫಿ ಹೀರಿದರು.

ಸೋತ ಮನುಷ್ಯ ಮೆತ್ತಗಾಗಿರುತ್ತಾನೆಂದು ನನ್ನ ಲೆಕ್ಕ. ಪ್ರಾಕ್ಟೀಸ್ ಮುಗಿಸಿ ನನ್ನ ಜೊತೆ ಬಂದು ಬೆವರು ಒರೆಸುತ್ತ ನಿಂತಿದ್ದ ಸಿಂಚನಾಳನ್ನು ಅವರ ಮುಂದೆ ತಳ್ಳಿ, "ಹೋಗೋ ಮುಂಚೆ ಇವಳಿಗೆ ಒಂದು ಮಾತು ಹೇಳಿ ಅಂಕಲ್" ಎಂದೆ.

ಅವರು ಕಾಲಿನಿಂದ ತಲೆಯವರೆಗೆ ನೋಡಿದರು. ಅವಳು ಸ್ಟಿಕ್ಕನ್ನು ನೆಟ್ಟಗೆ ಹಿಡಿದು ನಿಂತಳು. ಅವರು ಅವಳೊಡನೆ ಮಾತಾಡಲಿಲ್ಲ. ನನಗೇ ಹೇಳಿದರು:

"ಚೆನ್ನಾಗಿ ಓದ್ಸಿ."

ನಮ್ಮ ಬ್ಲಾಕಿನ ಲಿಫ್ಟಿಗೆ ಕಾಯುತ್ತಿದ್ದಾಗ ಸಿಂಚನಾ ಸ್ಟಿಕ್ಕನ್ನು ನನ್ನ ಕೈಗೆ ಕೊಟ್ಟಳು. ಅದನ್ನು ಮತ್ತೆಂದೂ ಕೇಳಲಿಲ್ಲ.