ಉಗುರು ಸಿಕ್ಕದ ನೆಲ

ನಮ್ಮ ಭಾವನಿಗೆ ಬಡಗಿಗಳ ನಡುವೆ ಉಗುರು ಮೇಸ್ತ್ರಿ ಎಂದೇ ಹೆಸರು. ಮೇಜಾಗಲಿ ಬಾಗಿಲಾಗಲಿ, ಎರಡು ಹಲಗೆ ಕೂಡುವ ಜಾಗದಲ್ಲಿ ಹೆಬ್ಬೆರಳಿನ ಉಗುರು ಓಡಿಸುತ್ತಾರೆ. ಉಗುರು ಎಲ್ಲಾದರೂ ಸಿಕ್ಕಿತೋ, ಗಿರಾಕಿ ಕೈಮುಗಿದು ಸಾಕೆಂದರೂ ಕೇಳದೆ ಬಿಚ್ಚಿ ಮತ್ತೆ ಕೂರಿಸುತ್ತಾರೆ. ನನ್ನ ಮದುವೆಗೆಂದು ಅವರು ಶುರು ಮಾಡಿದ ಮಂಚ ನನ್ನ ಮಗಳು ಹುಟ್ಟಿದ ಮೇಲೆ ಮನೆಗೆ ಬಂತು. ನಾನು ಸೈಕಲ್ ರಿಪೇರಿಯವನು. ಈ ಮನುಷ್ಯನ ಜೊತೆ ಅರ್ಧ ದಿನ ಕೆಲಸ ಮಾಡಿದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಅಂಥದ್ದರಲ್ಲಿ ಹನ್ನೆರಡು ದಿನ ಮಾಡಿದೆ.

ಕಾರಣ ನನ್ನ ಅಕ್ಕನ ಕಣ್ಣು. ನೋಟದ ಅಂಚೆಲ್ಲ ಆಗಲೇ ಕತ್ತಲಾಗಿತ್ತು. ನಡುವೆ ಉಳಿದಿರುವುದೂ ಒಂದು ವರ್ಷದೊಳಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಣ್ಣು ಇರುವಾಗಲೇ ಕಾಲಿಗೆ ಮನೆ ಕಲಿಸಿಬಿಡಿ ಎಂಬುದು ಅವರ ಸಲಹೆ. ಮನೆಯೊಳಗಿನದು ಹೇಗೋ ಆಗುತ್ತಿತ್ತು. ಭಯವೆಲ್ಲ ಹಿತ್ತಲದ್ದು. ಅಡುಗೆಮನೆ ಬಾಗಿಲು ದಾಟಿದರೆ ಗುಂಡಿ ಬಿದ್ದ ಮಣ್ಣು, ಬಲಕ್ಕೆ ನಲ್ಲಿ, ಎದುರಿಗೆ ಬಟ್ಟೆ ಒಣಹಾಕುವ ತಂತಿ. ಆ ತಂತಿಯ ಎಡತುದಿಯಿಂದ ಎರಡೇ ಹೆಜ್ಜೆಗೆ ಹಿಂದಿನ ಓಣಿಗೆ ಇಳಿಯುವ ಐದು ಕಲ್ಲಿನ ಮೆಟ್ಟಿಲು. ಅವನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಗೇಟು ಹಾಕೋಣವೆಂದರೆ, ಓಣಿಯವರೆಲ್ಲ ನೀರಿಗೆ ಬರುವುದು ಆ ಮೆಟ್ಟಿಲಿಂದಲೇ; ಯಾರಾದರೂ ತೆರೆದಿಟ್ಟೇ ಹೋಗುತ್ತಾರೆ. "ಮುಚ್ಚಿದೆ ಅಂತ ನಂಬಿ ಕೈ ಚಾಚೋದಕ್ಕಿಂತ, ಗೇಟೇ ಇಲ್ಲ ಅಂತ ಗೊತ್ತಿರೋದು ವಾಸಿ" ಎಂದಳು ಅಕ್ಕ. ಬಟ್ಟೆ ನಾನು ಒಣಹಾಕ್ತೀನಿ ಬಿಡಿ ಎಂದು ನನ್ನ ಹೆಂಡತಿ ಹೇಳಿದ್ದಕ್ಕೆ ಮುಖ ಊದಿಸಿಕೊಂಡಳು. "ಇವತ್ತು ಬಟ್ಟೆಗೆ ನಿನ್ನ ಕರೆದ್ರೆ ನಾಳೆ ಸ್ನಾನಕ್ಕೂ ಕರೀಬೇಕಾಗುತ್ತೆ. ನನ್ನ ಹಿತ್ತಲಿಗೆ ನಾನೇ ಹೋಗ್ತೀನಿ."

ಹಾಗಾಗಿ ಭಾವ ಹಿತ್ತಲಿಗೆಲ್ಲ ಇಟ್ಟಿಗೆ ಹಾಸುವುದೆಂದು ತೀರ್ಮಾನಿಸಿದರು. ಕಣ್ಣಿಗೆ ದೂಳು ಆಗದೆಂದು ಅಕ್ಕನನ್ನು ಎರಡು ಬೀದಿ ಆಚೆಯ ನಮ್ಮ ಮನೆಗೆ ಕಳಿಸಿದರು. ಮಣ್ಣು ಅಗೆಯುವುದು ನನ್ನ ಪಾಲಿಗೆ ಬಂತು. ಮೆಟ್ಟಿಲ ಹತ್ತಿರ ಆಮೆ ಬೆನ್ನಿನಂಥ ಒಂದು ಕಲ್ಲು ನೆಲದಿಂದ ಉಬ್ಬಿಕೊಂಡಿತ್ತು. ಅದನ್ನು ಹಾರೆಯಿಂದ ಮೀಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಬೈದುಕೊಳ್ಳುತ್ತಲೇ ಅದನ್ನು ಓಣಿಗೆ ಉರುಳಿಸಿದೆ. ನಲ್ಲಿಯ ಪಕ್ಕದಲ್ಲಿ ಮೇಲೆದ್ದಿದ್ದ ಮರದ ಬೇರನ್ನು ಭಾವ ಗರಗಸದಲ್ಲಿ ಕೊಯ್ದರು. ಆಮೇಲೆ ಜಲ್ಲಿ, ಅದನ್ನು ಕುಟ್ಟಿ ದಮ್ಮಸು, ಮೇಲೆ ಮರಳು. ದಾರ ಕಟ್ಟಿ ಒಂದೊಂದೇ ಇಟ್ಟಿಗೆ ಕೂರಿಸಿ, ಪ್ರತಿ ಸಂದಿಗೂ ಉಗುರು ಓಡಿಸಿದರು. ಕೂದಲೆಳೆಯಷ್ಟು ಎತ್ತರವಿದ್ದರೂ ಕಿತ್ತು, ಅಡಿಯ ಮರಳು ಸರಿಮಾಡಿ, ಮತ್ತೆ ಕೂರಿಸುವುದು.

"ಭಾವ, ಇದು ಇಟ್ಟಿಗೆ. ತೇಗದ ಹಲಗೆ ಅಲ್ಲ."

"ಕಾಲಿಗೆ ಒಂದು ಬೆರಳಷ್ಟು ಎತ್ತರ ತಾಗಿದ್ರೂ ಬೀಳ್ತಾಳೋ" ಎಂದರು ಅವರು, ತಲೆ ಎತ್ತದೆ. ನಾನು ಮುಂದಿನ ಇಟ್ಟಿಗೆ ಎತ್ತಿ ಕೊಟ್ಟೆ.

ದಿನಾ ಸಂಜೆ ಕೈಕಾಲು ತೊಳೆದು ನಮ್ಮ ಮನೆಗೆ ಬರುತ್ತಿದ್ದರು. ಡಾಕ್ಟರು ಹೇಳಿದ ದಿನದಿಂದ ಮಾಡುತ್ತಿದ್ದಂತೆಯೇ ಅಕ್ಕನ ಮುಂದೆ ಕೂತು ಬೆರಳು ಎತ್ತಿ ಹಿಡಿದು, "ಎಷ್ಟು?" ಎನ್ನುತ್ತಿದ್ದರು. "ಎರಡು" ಎನ್ನುತ್ತಿದ್ದಳು. ಭಾವನ ಮುಖ ಅಷ್ಟಗಲ ಆಗುತ್ತಿತ್ತು. ಇನ್ನೂ ಟೈಮಿದೆ ಎಂದುಕೊಂಡು ಹೊರಡುತ್ತಿದ್ದರು. ಅವರನ್ನು ಬೀದಿ ತಿರುವಿನವರೆಗೆ ಬಿಡಲು ಹೋಗುವ ನನಗೂ ಆಗ ಉಸಿರು ನೆಟ್ಟಗೆ ಬರುತ್ತಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ ಅಕ್ಕನನ್ನು ಕರೆತಂದೆವು. ನೆಲ ನಿಜಕ್ಕೂ ಚೆನ್ನಾಗಿತ್ತು. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಬರಿಗಾಲಲ್ಲಿ ಬಾಗಿಲು ದಾಟಿದಳು. ನಾಲ್ಕು ಹೆಜ್ಜೆ ನಗುತ್ತಲೇ ಹಾಕಿದಳು. ಐದನೆಯದಕ್ಕೆ ನಿಂತಳು. ಬಲಗಾಲನ್ನು ಅತ್ತ ಸವರಿದಳು, ಇತ್ತ ಸವರಿದಳು. ಮುಖದ ಬಣ್ಣವೇ ಹೋಯಿತು.

"ಕಲ್ಲು ಎಲ್ಲಿ?"

"ಯಾವ ಕಲ್ಲೇ?" ಎಂದೆ.

"ಮೆಟ್ಟಿಲಿಗೆ ಮುಂಚೆ ಇತ್ತಲ್ಲ, ಉಬ್ಬಿದ ಕಲ್ಲು. ಬೇರೂ ಇಲ್ಲ. ನಲ್ಲಿ ಯಾವ ಕಡೆ ಇದೆ?"

"ನೀನು ಎಡವ್ತೀಯ ಅಂತ ತೆಗೆದು ಬಿಸಾಕಿದ್ವಿ."

"ಎಡವ್ತಿರ್ಲಿಲ್ಲ ಕಣೋ. ಅದು ಕಾಲಿಗೆ ಸಿಕ್ಕಿದ ಕೂಡ್ಲೇ ನಿಲ್ತಿದ್ದೆ."

ನಲ್ಲಿ ಈಗ ಅವಳು ತಿರುಗಿ ನಿಂತಿದ್ದ ಕಡೆಗೇ, ಎದುರಿಗೇ ಇತ್ತು, ನಾಲ್ಕು ಮಾರು ದೂರದಲ್ಲಿ. ಭಾವ ನಿಧಾನವಾಗಿ ಅವಳ ಮುಂದೆ ಬಂದು ಕೈ ಎತ್ತಿದರು. ಈ ಸಲ ಮೂರು ಬೆರಳು.

"ಎಷ್ಟು?"

"ಎರಡು."

ಯಾರೂ ಮಾತಾಡಲಿಲ್ಲ. ಆ ಮೌನದಲ್ಲೇ ಅವಳಿಗೆ ಗೊತ್ತಾಗಿಹೋಯಿತು.

"ಯಾವಾಗ್ಲೂ ಎರಡೇ ತೋರಿಸ್ತಿದ್ರಿ" ಎಂದಳು, ತಪ್ಪು ಅವರದೇ ಎಂಬಂತೆ. "ಮೊದಮೊದಲು ಕಾಣ್ತಿತ್ತು. ಆಮೇಲೆ ಅದನ್ನೇ ಹೇಳ್ದೆ. ಈಗ ಬೆಳಕು ಗೊತ್ತಾಗುತ್ತೆ, ಬೆರಳು ಗೊತ್ತಾಗಲ್ಲ. ನೀವು ಆಗ್ಲೇ ನಿದ್ದೆ ಬಿಟ್ಟಿದ್ರಿ, ಇನ್ನೇನು ಹೇಳ್ಲಿ."

ಹಿತ್ತಲಲ್ಲಿ ಕಣ್ಣಿಲ್ಲದೆಯೇ ಓಡಾಡುವುದನ್ನು ಅವಳ ಕಾಲು ಎಂದೋ ಕಲಿತಿತ್ತು. ಕಲಿತದ್ದನ್ನೆಲ್ಲ ನಾವಿಬ್ಬರು ಜಾಣರು ಹನ್ನೆರಡು ದಿನ ಬೆವರು ಸುರಿಸಿ ಅಳಿಸಿದ್ದೆವು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಓಣಿಗೆ ಇಳಿದು ಕಲ್ಲು ಹುಡುಕಿದೆ. ಯಾರೋ ಆಗಲೇ ಅದನ್ನು ತಮ್ಮ ಹೊಸ್ತಿಲಿಗೆ ಮೆಟ್ಟಿಲು ಮಾಡಿ, ಸಿಮೆಂಟು ಮೆತ್ತಿಬಿಟ್ಟಿದ್ದರು. ಬರಿಗೈಯಲ್ಲಿ ವಾಪಸು ಹತ್ತಿದೆ.

ಅಷ್ಟರಲ್ಲಿ ಭಾವ ಉಳಿ ಹಿಡಿದು ಕೂತಿದ್ದರು. ತಾವೇ ಕೂರಿಸಿದ ಸಾಲನ್ನು ತಾವೇ ಏಳಿಸುತ್ತಿದ್ದರು. ಮೆಟ್ಟಿಲಿಗೆ ಎರಡು ಹೆಜ್ಜೆ ಮುಂಚೆ, ತಂತಿಯ ತುದಿಯ ಹತ್ತಿರ, ಎರಡು ಸಾಲು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನೆಲದಿಂದ ಬೆರಳಗಲ ಮೇಲೆ ಬರುವಂತೆ ಹೂಳಿದರು. ಬಾಗಿಲಿಂದ ನಲ್ಲಿಗೆ ಹೋಗುವ ದಾರಿಯುದ್ದಕ್ಕೂ ಇನ್ನೊಂದು ಸಾಲು. ಅಕ್ಕ ಹೊಸ್ತಿಲ ಮೇಲೆ ಕೂತು ಸದ್ದು ಕೇಳುತ್ತಿದ್ದಳು. ಮುಗಿದದ್ದು ತಿಳಿದ ತಕ್ಷಣ ಎದ್ದಳು.

ನಾನು ಓಡಿಹೋಗಿ ಮೇಲಿನ ಮೆಟ್ಟಿಲ ಮೇಲೆ ಎರಡೂ ಕೈ ಚಾಚಿ ನಿಂತೆ. ಅಕ್ಕ ಕಾಲು ಜಾರಿಸುತ್ತ ನೇರ ನನ್ನ ಕಡೆಗೇ ಬಂದಳು.

"ಅಡ್ಡ ಯಾರೋ ನಿಂತಿದ್ದೀರ. ಜಾಗ ಬಿಡಿ."

ಭಾವನ ಮುಖ ನೋಡಿದೆ. ಅವರೂ ಬೆವರುತ್ತಿದ್ದರು. "ಬಿಡೋ" ಎಂದರು.

ಪಕ್ಕಕ್ಕೆ ಸರಿದೆ. ಅವಳ ಹೆಬ್ಬೆರಳು ಮೊದಲ ಸಾಲಿಗೆ ತಾಗಿತು. ನಿಂತಳು. ಕಾಲಿನಿಂದ ಅದನ್ನು ಎರಡು ಸಲ ಸವರಿ, ಕೈ ಮೇಲೆತ್ತಿ ತಂತಿಯನ್ನು ಹಿಡಿದುಕೊಂಡಳು.

"ಬಟ್ಟೆ ಬಕೆಟ್ ತಗೊಂಡು ಬಾ" ಎಂದಳು ನನಗೆ. ನಾನು ಕಣ್ಣೊರೆಸಿಕೊಂಡು ಹೋದೆ.

ತಂದಾಗ ಭಾವ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಎತ್ತರಿಸಿದ ಸಾಲಿನ ಪ್ರತಿ ಇಟ್ಟಿಗೆಗೂ ಉಗುರು ಓಡಿಸುತ್ತಿದ್ದರು. ಕೊನೆಯ ಒಂದಕ್ಕೆ ಉಗುರು ಸಿಕ್ಕಲಿಲ್ಲ. ಅದನ್ನು ಕಿತ್ತು, ಮೇಲೆ ಬರುವಂತೆ ಅಡಿಗೆ ಮರಳು ಸುರಿದರು.