ಕಿಟಕಿ ಸ್ಟಾಪಿನ ಗಾರೆ ಅಜ್ಜ

ಗಾರೆ ಅಜ್ಜನ ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಸುಣ್ಣ, ಸಿಮೆಂಟು ಕಲಸಿ ಕಲಸಿ ಎಲ್ಲವೂ ಸವೆದು ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದೇ ಇಲ್ಲ. "ಊರಿಗೆಲ್ಲ ನನ್ನ ಗುರ್ತ ಇದೆ, ಈ ಡಬ್ಬಿಗೊಂದಿಲ್ಲ ನೋಡಿ" ಎಂದು ನಗುತ್ತಾ ಬೆರಳನ್ನು ಪಂಚೆಗೆ ಒರೆಸಿ ಮತ್ತೆ ಒತ್ತುತ್ತಿದ್ದರು.

ನಾನು ಆಗಷ್ಟೇ ಜೂನಿಯರ್ ಎಂಜಿನಿಯರ್ ಆಗಿ ಆಲ್ದೂರಿನ ಆಚೆಯ ಆ ಸಣ್ಣ ಪೇಟೆಗೆ ಬಂದಿದ್ದೆ. ನಾನೂ ಮಲೆನಾಡಿನವಳೇ, ಜಾವಳಿ ಕಡೆಯ ಹುಡುಗಿ, ಈ ಗುಡ್ಡಗಳೆಲ್ಲ ನನಗೆ ಗೊತ್ತು ಎಂಬ ಜಂಬ ಬೇರೆ. ಅಲ್ಲಿನ ಸರ್ಕಾರಿ ಕಟ್ಟಡಗಳ ಗಾರೆ ಕೆಲಸವೆಲ್ಲ ಅಜ್ಜನದೇ. ಆದರೆ ಯಾವ ಕೆಲಸ ಕೊಟ್ಟರೂ ಮೊದಲ ದಿನ ಅವರು ಕರಣೆ ಮುಟ್ಟುತ್ತಿರಲಿಲ್ಲ. ಜಾಗದ ಎದುರು ಕಲ್ಲೊಂದರ ಮೇಲೆ ಕೂತು, ಎಲೆಅಡಿಕೆ ಹಾಕಿಕೊಂಡು, ಅರ್ಧ ದಿನ ಸುಮ್ಮನೆ ನೋಡುತ್ತಿದ್ದರು.

"ಏನಜ್ಜ, ಏನ್ ನೋಡ್ತಿದ್ದೀರಿ?" ಎಂದರೆ, "ಜನ ಎಲ್ಲಿ ಕಾಲಿಡ್ತಾರೆ ಅಂತ" ಎನ್ನುತ್ತಿದ್ದರು.

ಒಮ್ಮೆ ಅಂಗನವಾಡಿಯ ಮೆಟ್ಟಿಲುಗಳನ್ನು ನಾನು ಬರೆದುಕೊಟ್ಟ ಎತ್ತರದ ಅರ್ಧಕ್ಕೇ ಕಟ್ಟಿಬಿಟ್ಟರು. ನನಗೆ ಕೆಟ್ಟ ಸಿಟ್ಟು ಬಂತು. ಬೈಯಲೆಂದು ಹೋದರೆ, ಮೂರು ವರ್ಷದ ಒಂದು ಕೂಸು ಯಾರ ಕೈಯನ್ನೂ ಹಿಡಿಯದೆ ಟಕಟಕ ಹತ್ತಿ ಒಳಗೆ ಹೋಯಿತು.

ಆಮೇಲೆ ಬಂತು ಬಸ್ ತಂಗುದಾಣ. ಅದು ಪೂರ್ತಿ ನನ್ನದೇ ಆದ ಮೊದಲ ನಕ್ಷೆ. ಮಿರಿಮಿರಿ ಮಿಂಚುವ ಸ್ಟೀಲ್ ಸೀಟುಗಳು, ನುಣುಪಾದ ನೆಲ, ಎರಚಲು ಹೊಡೆಯುವ ಎಡಬದಿಗೆ ಸೂರಿನವರೆಗೆ ಗೋಡೆ. ಅಜ್ಜ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇದ್ರೊಳಗೆ ಕೂತ್ರೆ ಬಸ್ಸು ಕಾಣಲ್ಲ ಮೇಡಂ."

"ಬಂದಾಗ ಕಾಣತ್ತೆ ಬಿಡಿ ಅಜ್ಜ" ಎಂದೆ. ಅವರು ನಕ್ಷೆಯಲ್ಲಿದ್ದಂತೆಯೇ ಕಟ್ಟಿದರು.

ಟೇಪು ಕತ್ತರಿಸಿ ಉದ್ಘಾಟನೆಯಾಯಿತು. ಫೋಟೋ ತೆಗೆದದ್ದೂ ಆಯಿತು. ಆದರೆ ಒಬ್ಬರಾದರೂ ಒಳಗೆ ಕೂರಬೇಕಲ್ಲ! ಒಂದು ನಾಯಿ ಮಾತ್ರ ಹಾಯಾಗಿ ಮಲಗಿರುತ್ತಿತ್ತು. ಬುಧವಾರದ ಸಂತೆಗೆ ಬಂದ ಎಸ್ಟೇಟ್ ಕೆಲಸದ ಹೆಂಗಸರು ಚೀಲಗಳನ್ನು ಕಾಲ ನಡುವೆ ಇಟ್ಟುಕೊಂಡು ರಸ್ತೆಯಂಚಿನಲ್ಲಿ ನೆನೆಯುತ್ತಾ ನಿಲ್ಲುವರು. ಯಾಕಿರಬಹುದು? ಸೀಟು ತಣ್ಣಗಿದೆಯೇ? ನೆಲ ಜಾರುತ್ತದೆಯೇ? ಈ ಪ್ರಶ್ನೆ ನನ್ನ ತಲೆ ತಿಂದುಬಿಟ್ಟಿತು. ಯಾರನ್ನು ಕೇಳಿದರೂ "ಚೆನ್ನಾಗಿದೆ ಮೇಡಂ" ಎನ್ನುವರು. ಎದುರಿಗೆ ನಿಂತು ಚೆನ್ನಾಗಿಲ್ಲ ಎನ್ನುವ ಜನವೇ ಅಲ್ಲ ನಮ್ಮವರು.

ಕೊನೆಗೆ ಅಜ್ಜನನ್ನೇ ಕೇಳಿದೆ. "ಬುಧವಾರ ನಿಮ್ ಸ್ಕೂಟಿ ಬಿಟ್ಟು ಬನ್ನಿ. ಒಳಗೆ ಕೂತು ಬಸ್ಸು ಹಿಡೀರಿ, ನೋಡಣ" ಎಂದರು.

ಹೌದಲ್ಲ, ನಾನು ಬಸ್ಸಿಗೆ ಕಾದು ಎಷ್ಟು ಕಾಲವಾಗಿತ್ತೋ! ಬುಧವಾರ ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊರಗೆ ವಯಸ್ಸಾದ ಹೆಂಗಸೊಬ್ಬರು ಮಂಡಿ ನೀವಿಕೊಳ್ಳುತ್ತಾ ನಿಂತಿದ್ದರು. ಒಳಗೆ ಬನ್ನಿ ಎಂದೆ. "ಕೂತ್ರೆ ಬಸ್ಸು ಹೋಗತ್ತೆ, ನಿಂತ್ರೆ ಮಂಡಿ ಹೋಗತ್ತೆ" ಎಂದು ನಕ್ಕರು. ತಮಾಷೆ ಎಂದುಕೊಂಡೆ. ಬಸ್ಸು ಎಡಗಡೆಯ ತಿರುವಿನಿಂದ ಬಂತು. ನನಗೆ ಕಂಡದ್ದು ಗೋಡೆ ಮಾತ್ರ. ಸದ್ದು ಕೇಳಿ ಚೀಲ ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ನಿಂತಿದ್ದವರೆಲ್ಲ ಹತ್ತಿ ಬಸ್ಸು ಹೊರಟೇ ಹೋಯಿತು. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಕಾಯಬೇಕು.

ಇಷ್ಟು ಗೊತ್ತಾಗಿ, ಗೋಡೆ ಒಂಚೂರು ಒಡೆಯಣ ಎಂದು ಅಜ್ಜ ಕೇಳಿದ ಮೇಲೂ ನಾನೇನು ಮಾಡಿದೆ? ಉದ್ಘಾಟನೆಯಾಗಿ ಎರಡು ತಿಂಗಳಾಗದ ಕಟ್ಟಡದ ಗೋಡೆ ಒಡೆಯಬೇಕೆಂದರೆ ಫೈಲು ಮೇಲಕ್ಕೆ ಹೋಗಬೇಕು, ನಕ್ಷೆ ಯಾರದ್ದೆಂದು ಕೇಳುತ್ತಾರೆ. "ಈಗ ಬೇಡ ಅಜ್ಜ, ಮುಂದಿನ ವರ್ಷ ನೋಡೋಣ" ಎಂದೆ. ಅಜ್ಜ ನನ್ನ ಮುಖವನ್ನೊಮ್ಮೆ ನೋಡಿ ಎದ್ದು ಹೊರಟರು.

ಆ ಭಾನುವಾರ ಚಿಕ್ಕಮಗಳೂರಿಗೆ ಮದುವೆಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಗೋಡೆಯಲ್ಲೊಂದು ಕಿಟಕಿ! ಕೂತವರ ಕಣ್ಣಿಗೆ ಸರಿಯಾಗಿ, ತಗ್ಗಿನಲ್ಲಿ. ಎರಚಲು ಬಾರದಂತೆ ಮೇಲೊಂದು ಪುಟ್ಟ ಸಜ್ಜಾ, ಕೆಳಗೆ ಚೀಲ ಇಡುವಷ್ಟು ಅಗಲದ ಕಟ್ಟೆ. ನಾನು ಓಡಿಹೋಗಿ ಸೂರು ಬಿರುಕು ಬಿಟ್ಟಿದೆಯೇ ಎಂದು ನೋಡಿದೆ.

"ಭಾರ ಎಲ್ಲ ಕಂಬದ ಮೇಲಿದೆ, ಗೋಡೆ ಬರೀ ಮರೆಗೆ. ಹೆದರ್ಬೇಡಿ" ಎಂದರು ಅಜ್ಜ.

ಸುದ್ದಿ ತಿಳಿದು ಅದೇ ವಾರ ಮೇಲಧಿಕಾರಿ ಬಂದರು. "ಇದು ನಕ್ಷೆಯಲ್ಲಿ ಇರ್ಲಿಲ್ವಲ್ಲ? ಯಾರು ಒಡೆದಿದ್ದು?" ಅಜ್ಜನೇ ಮುಂದೆ ಬಂದರು.

"ಒಡೆದಿದ್ದಲ್ಲ ಸಾರ್. ಮೇಡಂ ಹೇಳಿದ್ರು, ಮಾಡಿದ್ವಿ. ಒಂದ್ ಸ್ವಲ್ಪ ಕೂತು ನೋಡಿ."

ಅವರು ಕೂತರು. ತಿರುವಿನಲ್ಲಿ ಮೂಡಿಗೆರೆ ಬಸ್ಸಿನ ಮೂತಿ ಕಾಣಿಸಿತು. "ಅರೆ! ಒಳ್ಳೇ ಐಡಿಯಾ ಕಣ್ರೀ" ಎಂದು ನನ್ನತ್ತ ತಿರುಗಿದರು. ನಾನು "ಥ್ಯಾಂಕ್ಯೂ ಸಾರ್" ಎಂದೆ. ಹೌದು, ಹಾಗೆಯೇ ಎಂದೆ.

ಆಮೇಲಿನದು ನೋಡುವಂಥದ್ದೇ ಆಯಿತು. ಜನ ಒಳಗೆ ಕೂರತೊಡಗಿದರು. ಕೂತ ಮೇಲೆ ಮಾತು ಬಾರದೆ ಇರುತ್ತದೆಯೇ? ಯಾವ ತೋಟದಲ್ಲಿ ಕಾಫಿ ಹಣ್ಣು ಕುಯ್ಲು ಶುರುವಾಯಿತು, ಯಾರ ಮನೆಯಲ್ಲಿ ಹೆಣ್ಣು ನೋಡಿದರು, ಎಲ್ಲ ಅಲ್ಲೇ. ಮನೆಯ ಬೀಗದ ಕೈ, ಮದುವೆ ಕಾಗದಗಳನ್ನು ಮುಂದಿನ ಬಸ್ಸಿಗೆ ಬರುವವರಿಗೆಂದು ಆ ಕಟ್ಟೆಯ ಮೇಲೆ ಇಟ್ಟು ಹೋಗುವರು. ಒಂದೂ ಕಳೆದದ್ದಿಲ್ಲ. ಕಂಡಕ್ಟರುಗಳು ಪೇಟೆಯ ಹೆಸರು ಬಿಟ್ಟು "ಕಿಟಕಿ ಸ್ಟಾಪ್, ಕಿಟಕಿ ಸ್ಟಾಪ್" ಎಂದು ಕೂಗತೊಡಗಿದರು. ಆಫೀಸಿನಲ್ಲಿ ನಾನು ಕಿಟಕಿ ಮೇಡಂ ಆದೆ.

ಒಂದು ದಿನ ನಾಚಿಕೆ ತಡೆಯದೆ ಅಜ್ಜನ ಮನೆಗೆ ಹೋದೆ. "ನಿಮ್ ಹೆಸ್ರು ಹೇಳ್ಬೇಕಿತ್ತು ಅಜ್ಜ, ತಪ್ಪಾಯ್ತು."

"ನನ್ ಹೆಸ್ರು ಹೇಳಿದ್ರೆ ಒಡೆದ ಅಂತಾರೆ. ನಿಮ್ ಹೆಸ್ರು ಹೇಳಿದ್ರೆ ಮಾಡಿದ್ರು ಅಂತಾರೆ. ಕಿಟಕಿ ಉಳೀಬೇಕಲ್ಲ ಮಾರಾಯ್ರೆ" ಎಂದು ಕಾಫಿ ಕೊಡಿಸಿದರು. ನಾನು ಕುಡಿದು ಬಂದೆ. ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಐದು ವರ್ಷ ಹಾಗೇ ಕಳೆಯಿತು.

ಅಜ್ಜ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ಅಲ್ಲಿಂದ ಎಂಟು ತಿಂಗಳಿಗೆ ಗ್ರಾಮಸಭೆಯಲ್ಲಿ ಇನ್ನೊಂದು ತಂಗುದಾಣದ ಮಾತು ಬಂತು. "ಮೇಡಂ ಕಿಟಕಿಯೇ ಬೇಕು" ಎಂದು ಎಲ್ಲರೂ ಕೂಗಿದರು. ನನ್ನಿಂದ ಇನ್ನು ಕೂರಲಾಗಲಿಲ್ಲ. ಎದ್ದು ನಿಂತೆ. "ಆ ಕಿಟಕಿ ನನ್ನದಲ್ಲ. ಗಾರೆ ಅಜ್ಜ ಮಾಡಿದ್ದು. ನಾನು ಬೇಡ ಅಂದಿದ್ದೆ."

ಹಿಂದಿನ ಸಾಲಿನಿಂದ ಎಸ್ಟೇಟ್ ಕೆಲಸದ ಹೆಂಗಸೊಬ್ಬರು ಎದ್ದರು. "ನಮಗೆ ಗೊತ್ತಿಲ್ವಾ ಮೇಡಂ? ಅವತ್ತು ಒಡೆದ ಇಟ್ಟಿಗೆ ಹೊತ್ತು ಹಾಕಿದ್ದು ನಾವೇ ಅಲ್ವಾ?"

ಎಲ್ಲರೂ ನಕ್ಕರು. ಇಡೀ ಪೇಟೆಗೆ ಗೊತ್ತಿತ್ತು! "ಮತ್ತೆ ಒಬ್ಬರಾದ್ರೂ ಬಾಯಿ ಬಿಡ್ಲಿಲ್ವಲ್ಲ ಅಮ್ಮ?" ಎಂದೆ.

"ಅಜ್ಜ ಬೇಡ ಅಂದಿದ್ರು. ಮೇಡಂ ಒಂದಿನ ಅವ್ರೇ ಹೇಳ್ತಾರೆ, ನಾನೂ ಕಾಯ್ತಾ ಇದ್ದೀನಿ ಅಂದಿದ್ರು."