ಆರಿದ ಮೇಲೆ

ನಾನು ಓದು ನಿಲ್ಲಿಸಿದ್ದು 1997ರಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೇಳಿದವರೆಲ್ಲ ಬಡತನವಿರಬೇಕು ಎಂದು ಮುಖ ಸಣ್ಣದು ಮಾಡುತ್ತಾರೆ. ಬೆಂಚಿನ ಮೇಲೆ ಕೂರಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಅಂಗಾಲು ತುರಿಸುತ್ತಿತ್ತು. ಈಗಲೂ ಕೆಲಸದ ಜಾಗದಲ್ಲಿ ನಾಲ್ಕು ದಿನ ನೆನೆಹಾಕಿದ ಮಣ್ಣಿನ ರಾಶಿಯ ಮೇಲಿನ ಗೋಣಿ ಎತ್ತಿದರೆ, ಹುಲ್ಲು ಕೊಳೆತ ಆ ಹುಳಿ ವಾಸನೆ, ಹಳೆಯ ಗಂಜಿಗೂ ದನದ ಉಸಿರಿಗೂ ನಡುವಿನ ಒಂದು ವಾಸನೆ, ಮೂಗಿಗೆ ಬಡಿದು ಅದೇ ತುರಿಕೆ ಮೇಲೇರುತ್ತದೆ. ಪಕ್ಕದಲ್ಲಿರುವ ಇಂಜಿನಿಯರ್ ಹುಡುಗರು ಕರವಸ್ತ್ರ ಹಿಡಿಯುತ್ತಾರೆ. ನಾನು ಮಾತ್ರ ತಮಿಳುನಾಡಿನ ಬೋಡಿನಾಯಕನೂರಿಗೂ ಕಂಬಂಗೂ ನಡುವಿನ ಒಂದು ಹಳ್ಳಿಯಲ್ಲಿ, ಈಗ ಇಲ್ಲದ ಒಂದು ಮನೆಯ ಹಿತ್ತಿಲಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತಿರುತ್ತೇನೆ.

ಅದು ನನ್ನ ಅಪ್ಪನ ತಾಯಿ ಮಲ್ಲಮ್ಮನ ಮನೆ. ಅವಳನ್ನು ನಾವು ಅವ್ವ ಎನ್ನುತ್ತಿದ್ದೆವು. ಅಪ್ಪ ಅಮ್ಮ ಘಟ್ಟದ ಮೇಲಿನ ಏಲಕ್ಕಿ ತೋಟದಲ್ಲಿ ದುಡಿಯುತ್ತಿದ್ದುದರಿಂದ ನಾನು ಅವ್ವನ ಬಳಿ ಬೆಳೆದೆ. ಚಿಕ್ಕಪ್ಪ, ಚಿಕ್ಕಮ್ಮ, ಅವರ ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ ಇದ್ದರು. ಹೊಸ್ತಿಲ ಹೊರಗೆ ತಮಿಳು, ಒಳಗೆ ನಮ್ಮ ಕನ್ನಡ. ಎಷ್ಟು ತಲೆಮಾರಿನಿಂದ ಹೀಗೆ ಎಂದು ಕೇಳಿದರೆ ಅವ್ವ ಉತ್ತರ ದಿಕ್ಕಿನ ಕಡೆ ಕೈ ಬೀಸುತ್ತಿದ್ದಳು. ಮನೆಗೆ ಬೆಟ್ಟದ ಕಲ್ಲಿನ ಪಾಯ, ಅದರ ಮೇಲೆ ನಮ್ಮದೇ ತೋಟದ ಕೆಂಪು ಮಣ್ಣಿನ ಗೋಡೆ, ಮೊಳದಷ್ಟು ದಪ್ಪ. ಪಡುವಣ ಗೋಡೆಯ ಬುಡದಲ್ಲಿ ಬೆಕ್ಕು ತೂರುವಷ್ಟು ಎರಡು ಕಿಂಡಿ, ಮೂಡಣ ಗೋಡೆಯ ನೆತ್ತಿಯಲ್ಲಿ ಎರಡು. ಆಡಿ ತಿಂಗಳಲ್ಲಿ, ನಿಮ್ಮ ಆಷಾಢದಲ್ಲಿ, ಕೇರಳದ ಬೆಟ್ಟ ದಾಟಿ ಬರುವ ಗಾಳಿ ಕೆಳಗಿನಿಂದ ನುಗ್ಗಿ, ಚಾಪೆಯ ಮೇಲೆ ಒರಗಿದವರ ಬೆನ್ನು ತಣ್ಣಗೆ ಮಾಡಿ, ಒಲೆಯ ಹೊಗೆಯನ್ನೂ ಎಳೆದುಕೊಂಡು ಮೇಲಿನ ಕಿಂಡಿಯಿಂದ ಹೊರಟುಹೋಗುತ್ತಿತ್ತು. ಬಚ್ಚಲ ನೀರು ಬಾಳೆಯ ಬುಡಕ್ಕೆ. ಹಿತ್ತಿಲ ಬಾಗಿಲು ಅಜ್ಜನ ಮುರಿದ ಗಾಡಿಯ ಹಲಗೆ. ಅದರಲ್ಲಿ ಉಳಿದಿದ್ದ ಕೀಲಿನ ತೂತಿಗೆ ಕಣ್ಣಿಟ್ಟು ಯಾರು ಬಂದರೆಂದು ನೋಡುತ್ತಿದ್ದೆವು. ನಿಮ್ಮ ಮನೆಯಲ್ಲೂ ಅಂಥದೊಂದು ತೂತು ಇದ್ದಿರಬಹುದು, ಈಗ ಅದು ಇಲ್ಲದಿರಬಹುದು. ಇದಕ್ಕೆಲ್ಲ ಓದಿದವರು ಸುಸ್ಥಿರ ವಿನ್ಯಾಸ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ಅವ್ವ ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ನಾನು ಶಾಲೆ ಬಿಟ್ಟ ವರ್ಷ ಹೆಂಚು ಸರಿದು ನೀರಿಳಿದು ಪಡುವಣ ಗೋಡೆ ಹೊಟ್ಟೆ ಬಿಟ್ಟಿತ್ತು. ಅದನ್ನು ಇಳಿಸಬೇಕಾಯಿತು. ಚಿಕ್ಕಪ್ಪ ಕೆಟ್ಟವನಲ್ಲ, ಬಾಳೆ ಮಂಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಗೊನೆ ಹೊತ್ತು ಭುಜ ಕಪ್ಪಾಗಿದ್ದ ಮನುಷ್ಯ. ಅವನಿಗೆ ಒಂದು ಗೋಡೆಯ ಬದಲು ಇಡೀ ಮನೆಯನ್ನೇ ಇಳಿಸಿ ಕಾಂಕ್ರೀಟಿನ ಮನೆ ಎಬ್ಬಿಸುವ ಆಸೆ.

"ಎಣ್ಣ್ ನೋಡಾಕೆ ಬಂದವ್ರು ಮಣ್ಣ್ ಸೆವುರು ನೋಡಿ ಅಂಗೇ ತಿರುಗ್ಕೊಂಡ್ ಓತಾರೆ ಕಣವ್ವಾ," ಎಂದ. ಗೋಡೆಗೆ ನಮ್ಮಲ್ಲಿ ಸೆವುರು ಎನ್ನುತ್ತಾರೆ, ತಮಿಳಿನಿಂದ ಬಂದ ಮಾತು.

"ಸೆವುರ್ಗಾ ಮದುವೆ? ಎಣ್ಣ್ಗಾ?" ಎಂದಳು ಅವ್ವ. "ನನ್ ಸೆವುರು ಬಿದ್ರೆ ತೋಟಕ್ಕೆ ಓತದೆ. ನಿನ್ ಸಿಮೆಂಟು ಬಿದ್ರೆ ಎಲ್ಲಿಗ್ಲಾ ಓತದೆ?"

ಕೊನೆಗೆ ಒಂದು ಮಾತಿಗೆ ಬಂದರು. ಅವ್ವ ದೀಪಾವಳಿಗೆ ಮೊದಲು ಪಡುವಣ ಗೋಡೆಯನ್ನು ಮಣ್ಣಿನಲ್ಲೇ ಎಬ್ಬಿಸಬೇಕು. ಅದು ನಿಂತರೆ ಮನೆ ಉಳಿಯುತ್ತದೆ, ಅವಳಿರುವ ತನಕ ಯಾರೂ ಮುಟ್ಟುವಂತಿಲ್ಲ. ಬಿದ್ದರೆ ಚಿಕ್ಕಪ್ಪ ಹೇಳಿದಂತೆ. ಶಾಲೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ಅವ್ವ ಕತ್ತು ಹಿಡಿದು ಕೆಸರಿಗಿಳಿಸಿದಳು. ಜೊತೆಗೆ ಕೂಲಿಗೆ ಬಂದ ಆಂಡಿಪಟ್ಟಿ ಕಡೆಯ ಪೇಚ್ಚಿಯಮ್ಮ. ಮಣ್ಣು ತುಳಿಯುವುದರಲ್ಲಿ ಅವಳ ಸಮ ಇಲ್ಲ, ಬಾಯಿಯಲ್ಲೂ ಇಲ್ಲ. "ಏ ತಂಬಿ, ನಡನಮಾ ಆಡುರೇ?" ಎಂದು, ಏನೋ ತಮ್ಮಾ ಕುಣೀತಿದ್ದೀಯಾ ಎಂದು, ನನ್ನ ಕಾಲು ನೋಡಿ ನಗುತ್ತಿದ್ದಳು. ಕೆಲಸ ಹೀಗೆ: ತುಳಿದ ಮಣ್ಣಿನ ಮುದ್ದೆಗಳನ್ನು ಒಂದರ ಮೇಲೊಂದು ಬಡಿದು ಎರಡು ಗೇಣು ಎತ್ತರ ಏರಿಸಬೇಕು, ಅದು ಒಂದು ವರಸೆ. ಆ ವರಸೆ ಒಣಗುವ ತನಕ ಕಾಯಬೇಕು, ಆಮೇಲೆ ಮುಂದಿನದು. ಕಾಯುವುದೇ ಕೆಲಸ ಎಂದು ಅವ್ವ. ಕಾಯುವುದಕ್ಕಾದರೆ ಶಾಲೆಯಲ್ಲೇ ಇರುತ್ತಿದ್ದೆನಲ್ಲ ಎಂದು ನಾನು. ಅವಳು ನನಗೆ ಗಾಳಿ ಎಂದು ಹೆಸರಿಟ್ಟಿದ್ದಳು. "ಲೇ ಗಾಳಿ, ಎಬ್ಬೆಟ್ಟು ಒತ್ತು," ಎನ್ನುತ್ತಿದ್ದಳು. ಹೆಬ್ಬೆರಳಿನ ಉಗುರು ಗೋಡೆಗೆ ಒತ್ತಿದರೆ ಗುರುತು ಬೀಳಬಾರದು. ಬಿದ್ದರೆ ಒಳಗೆ ಇನ್ನೂ ನೀರಿದೆ.

ಮೂರು ವರಸೆ ಮುಗಿದ ಸಂಜೆ ಬತ್ತಲಗುಂಡಿನಿಂದ ಹೇಳಿಕಳಿಸಿದರು, ಅವ್ವನ ತಂಗಿಗೆ ಮೈ ಹುಷಾರಿಲ್ಲ ಎಂದು. ಮರುದಿನ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಟ ಮೇಲೆ ಅವಳು ಕಿಟಕಿಯಿಂದ ತಲೆ ಹಾಕಿ ಕೂಗಿದಳು. ಇಂಜಿನ್ನಿನ ಸದ್ದಿನ ನಡುವೆ ನನಗೆ ಕೇಳಿಸಿದ್ದು ಇಷ್ಟು: "ಆರಾದ್ಮ್ಯಾಲೆ ಏರ್ಸು!" ಆರಾದ ಮೇಲೆ, ಆರು ದಿನ ಆದ ಮೇಲೆ ಎಂದುಕೊಂಡೆ. ಅವಳು ನಿಜವಾಗಿ ಹೇಳಿದ್ದು "ಆರ್ದ್ಮ್ಯಾಲೆ". ಆರಿದ ಮೇಲೆ, ಒಣಗಿದ ಮೇಲೆ. ನಮ್ಮ ಕನ್ನಡದಲ್ಲಿ ಬಟ್ಟೆ ಆರುತ್ತದೆ, ಸಾರು ಆರುತ್ತದೆ, ದೀಪ ಆರುತ್ತದೆ, ಗಾಯ ಆರುತ್ತದೆ, ಐದಾದ ಮೇಲೆ ಬರುವುದೂ ಆರೇ. ಅವಳು ತಮಿಳಿನಲ್ಲಿ ಕೂಗಿದ್ದರೆ ಒಣಗುವುದಕ್ಕೆ ಬೇರೆ ಮಾತು, ಎಣಿಕೆಗೆ ಬೇರೆ ಮಾತು, ನಾನು ತಪ್ಪುತ್ತಿರಲಿಲ್ಲ. ಆದರೆ ಅವ್ವ ನನ್ನೊಂದಿಗೆ ಎಂದೂ ತಮಿಳು ಆಡಿದವಳಲ್ಲ.

ಎಣಿಸಿದೆ. ನಾನು ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಎಣಿಸಿರಲಿಲ್ಲ. ಅದು ಪುರಟ್ಟಾಸಿ, ದೀಪಾವಳಿಗೆ ಹಿಂದಿನ ತಮಿಳು ತಿಂಗಳು. ಬಿಸಿಲು ಇರಬೇಕಾದ ದಿನಗಳಲ್ಲಿ ಬೆಟ್ಟದ ಮೇಲಿನಿಂದ ಮೋಡ ಇಳಿದು ಊರಿನ ಮೇಲೆ ಕೂತುಬಿಟ್ಟಿತು. ಆರನೆಯ ದಿನ ಕಳೆದು ಏಳನೆಯ ಬೆಳಿಗ್ಗೆ ಎದ್ದವನೇ ಗೋಡೆಯ ಹೊರಮೈಗೆ ಹೆಬ್ಬೆರಳು ಒತ್ತಿದೆ. ಉಗುರು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮೂರನೇ ಪಿರೆಯ, ಎಂದರೆ ತದಿಗೆಯ, ಚಂದ್ರನಂತೆ ಸಣ್ಣ ಗುರುತು. ಪೇಚ್ಚಿಯಮ್ಮನೂ ನೋಡಿದಳು. "ಇನ್ನುಂ ಕಾಯಲೆ ತಂಬಿ," ಇನ್ನೂ ಒಣಗಿಲ್ಲ ಎಂದಳು. ಅವ್ವ ಆರು ದಿನ ಎಂದಿದ್ದಾಳೆ ಎಂದೆ. ಅವಳು ಸೆರಗು ಬಿಗಿದುಕೊಂಡು, "ಉಂಗ ಕನ್ನಡಂ ಉಂಗಳುಕ್ಕುತ್ತಾನ್ ತೆರಿಯುಂ," ನಿಮ್ಮ ಕನ್ನಡ ನಿಮಗೇ ಗೊತ್ತು ಎಂದು ಮಣ್ಣಿಗಿಳಿದಳು. ಮಧ್ಯಾಹ್ನಕ್ಕೆ ನಾಲ್ಕನೇ ವರಸೆ ಏರಿಸಿದೆ. ಅವ್ವ ಬಂದು ನೋಡಿ ಬೆರಗಾಗುವುದನ್ನು ಯೋಚಿಸುತ್ತ, ಕೈ ತೊಳೆದು ಊಟಕ್ಕೆ ಕೂತೆ. ತುತ್ತು ಬಾಯಿಯಲ್ಲಿತ್ತು. ದೊಡ್ಡ ಸದ್ದೇನೂ ಆಗಲಿಲ್ಲ. ಎಮ್ಮೆ ನೆಲಕ್ಕೆ ಮಲಗುವಾಗ ಬಿಡುವಂಥ ಒಂದು ನಿಟ್ಟುಸಿರು, ಅಷ್ಟೆ. ಹೊರಗೆ ಬಂದರೆ ಗೋಡೆ ಮೊಣಕಾಲು ಮಡಚಿ ಕೂತಿತ್ತು.

ಮರುದಿನ ಅವ್ವ ಬಂದಾಗ ಚಿಕ್ಕಪ್ಪ ಆ ರಾಶಿಯ ಪಕ್ಕದಲ್ಲೇ ನಿಂತಿದ್ದ. "ಯಾರ್ಲಾ ನಿಂಗೆ ಏರ್ಸು ಅಂದವ್ರು?" ಎಂದು ಅವಳ ಎದುರಿಗೇ ಕೇಳಿದ.

"ಅವ್ವ ಆರಾದ್ಮ್ಯಾಲೆ ಅಂದ್ಳು. ನಾನ್ ಆರ್ ದಿನ ಎಣ್ಸ್ದೆ," ಎಂದೆ. ನನ್ನ ಸ್ವರ ಗಟ್ಟಿಯಾಗಿತ್ತು. ತಪ್ಪು ನನ್ನದಲ್ಲ ಎಂದು ನಾನೇ ನಂಬಿಕೊಂಡಿದ್ದೆ.

ಅವ್ವ ಒಂದು ಕ್ಷಣ ನನ್ನನ್ನು ನೋಡಿದಳು. ಮಾತು ಎಲ್ಲಿ ಜಾರಿತೆಂದು ಅವಳಿಗೆ ಆಗಲೇ ಅರ್ಥವಾಗಿತ್ತು. ಕುಕ್ಕರಗಾಲಲ್ಲಿ ಕೂತು ಬಿದ್ದ ಹೆಂಟೆಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿದಳು. ಒಂದು ಹೆಂಟೆಯ ಮೇಲೆ ಅವಳ ಕೈ ನಿಂತಿತು. ನನ್ನ ಉಗುರಿನ ಗುರುತು. ನಾನು ಒತ್ತಿ ನೋಡಿದ್ದೆ, ತಿಳಿದೂ ಏರಿಸಿದ್ದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಚಿಕ್ಕಪ್ಪ ಬಗ್ಗಿ ನೋಡುವಷ್ಟರಲ್ಲಿ ಅವಳು ತನ್ನ ಹೆಬ್ಬೆರಳಿಂದ ಅದನ್ನು ಒರೆಸಿಬಿಟ್ಟಳು, ಮಗುವಿನ ಮೂಗು ಒರೆಸಿದ ಹಾಗೆ.

"ನಾನೇ ಆರ್ ದಿನ ಅಂದಿದ್ದು," ಎಂದಳು. "ಮರಳು ಜಾಸ್ತಿ ಬಿದ್ದೋಗದೆ. ಕಲ್ಸಿದ್ದು ನಾನು. ವಯಸ್ಸಾಗೋಯ್ತು, ಕೈ ಮರ್ತೋಗದೆ." ಇಡೀ ಕೇರಿಯ ಗೋಡೆಗಳನ್ನು ಎಬ್ಬಿಸಿದ ಕೈ ಅದು. ಅವಳು ಎದ್ದು ಅದನ್ನು ತೊಳೆದುಕೊಂಡಳು. ಪೇಚ್ಚಿಯಮ್ಮ ಸೆರಗು ಬಿಗಿದುಕೊಂಡು ಬಿದ್ದ ಹೆಂಟೆಗಳನ್ನು ಬುಟ್ಟಿಗೆ ತುಂಬತೊಡಗಿದಳು.

ಮನೆ ಇಳಿಯಿತು. ಅವ್ವ ಹೇಳಿದ್ದಂತೆಯೇ ಗೋಡೆಯೆಲ್ಲ ಬಾಳೆ ತೋಟಕ್ಕೆ ಹೋಯಿತು. ಗಾಡಿಯಲ್ಲಿ ಸಾಗಿಸಿದವನು ನಾನೇ. ಗಾಡಿ ಹಲಗೆಯ ಬಾಗಿಲು ಒಲೆಗೆ ಹೋಯಿತು. ಮುಂದಿನ ಬೇಸಿಗೆಗೆ ಕಾಂಕ್ರೀಟಿನ ಮನೆ ಎದ್ದಿತು, ಚಿಕ್ಕಪ್ಪನ ಹಿರಿಯ ಮಗಳ ಮದುವೆಯೂ ಆಯಿತು. ಅವ್ವ ಹಗಲೆಲ್ಲ ಹೊರಗೆ ಬೇವಿನ ಕೆಳಗೇ ಇರುತ್ತಿದ್ದಳು. ಒಳಗೆ ಬಾ ಎಂದರೆ, ಒಳಗೇನಿದೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಪಕ್ಕ ಕೂತು ಬಾಯಿ ತೆರೆದೆ. "ಅವ್ವಾ, ಆ ಸೆವುರು..." ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು, ತಲೆ ಎತ್ತಲಿಲ್ಲ. "ಆರ್ಲಿ ಬಿಡ್ಲಾ," ಎಂದಳು. ಆರುವ ತನಕ ಕೂರುವುದು ನನ್ನಿಂದ ಆಗಲಿಲ್ಲ. ಮರುವಾರವೇ ದಿಂಡಿಗಲ್ಲಿಗೆ ಓಡಿದೆ. ಅಲ್ಲಿ ಕಾಂಕ್ರೀಟು ಕಲಸಿದೆ, ತಗಡಿನ ಕೆಳಗೆ ಬೆಂದೆ, ಎರಡು ವರ್ಷದಲ್ಲಿ ಐವರು ಮೇಸ್ತ್ರಿಗಳ ಜೊತೆ ಜಗಳವಾಡಿದೆ. ಒಣಗಿದೆಯೇ ಎಂದು ಮುಟ್ಟಿ ನೋಡದೆ ಸಾರುವೆ ಬಿಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಜಗಳದ ಕಾರಣ ಅವರಿಗೆ ತಿಳಿಯುತ್ತಿರಲಿಲ್ಲ. 1999ರಲ್ಲಿ ನಾನು ಅಲ್ಲಿರುವಾಗಲೇ ಅವ್ವ ಹೋದಳು.

ಆಮೇಲೆ ಮಣ್ಣಿಗೇ ಹಿಂತಿರುಗಿದೆ. ಮೊದಲು ಆಂಡಿಪಟ್ಟಿಯಲ್ಲಿ ಪೇಚ್ಚಿಯಮ್ಮನ ಮೇಕೆ ಕೊಟ್ಟಿಗೆ, ಆಮೇಲೆ ಊರೂರು. ಮೈಸೂರಿನ ಕಡೆ ಕೆಲಸಕ್ಕೆ ಹೋದಾಗ, ಮೂವತ್ತು ದಾಟಿದ ಮೇಲೆ, ಕನ್ನಡ ಅಕ್ಷರ ಕಲಿತೆ. ಮೊದಲು ಬರೆದ ಪದ ಆರು. ಎಣಿಕೆಯ ಆರನ್ನೂ ಒಣಗುವ ಆರನ್ನೂ ಒಂದೇ ರೀತಿ ಬರೆಯುತ್ತಾರೆಂದು ತಿಳಿದಾಗ ಸ್ಲೇಟು ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಈಗ ಕಾಲೇಜಿನ ಮಕ್ಕಳು ನನ್ನ ಗೋಡೆ ನೋಡಲು ಬರುತ್ತಾರೆ, ಈ ದಾರಿಗೆ ಹೇಗೆ ಬಂದಿರಿ ಎಂದು ಕೇಳುತ್ತಾರೆ. ಅಜ್ಜಿಯಿಂದ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನನ್ನ ಹೆಬ್ಬೆರಳು ಆಗಲೂ ಹತ್ತಿರದ ಗೋಡೆಯ ಮೇಲೆ ಓಡಾಡುತ್ತಿರುತ್ತದೆ, ಎಂದೋ ಒಣಗಿದ ಗೋಡೆಯ ಮೇಲೂ.

ಈಗ ನನಗಿರುವುದು: ಮಣ್ಣಿನ ಮನೆ ಒಂದು, ಅದಕ್ಕೆ ಕಿಂಡಿ ನಾಲ್ಕು. ಹೆಂಡತಿ, ಮಕ್ಕಳು ಇಬ್ಬರು. ಕೆಲಸದವರು ಒಂಬತ್ತು ಜನ. ಸಲಿಕೆ ಹನ್ನೆರಡು. ಎಬ್ಬಿಸಿದ ಮನೆ ಮೂವತ್ತೆಂಟು. ಬಿದ್ದ ಗೋಡೆ ಒಂದು.